ಬಾವಿಗೆ ಡೀಸೆಲ್ ಇಳಿದರೆ ದೊಡ್ಡ ಪಂಪೋ, ಸಣ್ಣ ಪಂಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅರ್ಧ ಎಚ್‌ಪಿಯ ಸಣ್ಣ ಪಂಪಿಗೆ. ದೊಡ್ಡ ಪಂಪನ್ನು ನಂಬಿ ಎರಡು ವಾರ ಹಾಳು ಮಾಡಿಕೊಂಡ ಮೇಲೆ ಬಂದ ಬುದ್ಧಿ ಇದು.

ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಕರೆಂಟು ಕೈಕೊಟ್ಟಾಗ ಸ್ಪ್ರಿಂಕ್ಲರಿಗೆಂದು ಒಂದು ಡೀಸೆಲ್ ಎಂಜಿನ್ ಇದೆ. ಅದರ ಬ್ಯಾರೆಲನ್ನು ಬಾವಿಯಿಂದ 20 ಅಡಿ ದೂರದ ಶೆಡ್ಡಿನಲ್ಲಿ ಇಟ್ಟವನು ನಾನೇ. ಹಾಗಾಗಿ ಬೈಯಲು ಬೇರೆ ಯಾರೂ ಇಲ್ಲ. ಬ್ಯಾರೆಲಿನ ತಳ ತುಕ್ಕು ಹಿಡಿದು ಸುಮಾರು 60 ಲೀಟರ್ ನೆಲಕ್ಕೆ ಇಳಿದಿತ್ತು. ನಮ್ಮ ನೆಲದ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೋಡಲು ಗಟ್ಟಿ, ಒಳಗೆಲ್ಲ ತೂತು. ಜನವರಿಯ ಒಂದು ಬೆಳಿಗ್ಗೆ ಕೊಡಪಾನದಲ್ಲಿ ಡೀಸೆಲ್ ವಾಸನೆ ಬಂತು.

ಬಾವಿಯಲ್ಲಿ ಆಗಲೇ 1.5 ಎಚ್‌ಪಿ ಓಪನ್‌ವೆಲ್ ಪಂಪ್ ಇತ್ತು. ಎಲ್ಲ ಖಾಲಿ ಮಾಡಿದರೆ ಹೊಸ ನೀರು ಬರುತ್ತದೆ, ಅಲ್ವಾ? ಎರಡು ಗಂಟೆಯಲ್ಲಿ ಬಾವಿ ಬರಿದಾಯಿತು. ಮರುದಿನ ನೀರು ತುಂಬಿತು, ಮೇಲೆ ಏನೂ ಕಾಣಲಿಲ್ಲ. ನಾಲ್ಕನೇ ದಿನಕ್ಕೆ ಮತ್ತೆ ಕಾಮನಬಿಲ್ಲಿನ ಬಣ್ಣದ ಪೊರೆ. ಮತ್ತೆ ಖಾಲಿ ಮಾಡಿದೆ. ಮತ್ತೆ ಪೊರೆ. ಹೀಗೆ ನಾಲ್ಕು ಸಲ.

ತಲೆ ಕೆಡಿಸಿದ್ದು ಇದೇ. ಡೀಸೆಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ನೀರನ್ನು 12 ಅಡಿ ಇಳಿಸಿದರೆ ಅದೂ ಜೊತೆಗೆ ಇಳಿಯುತ್ತದೆ. ಇಳಿಯುವಾಗ ದಾರಿಯಲ್ಲಿರುವ ಕಲ್ಲಿನ ತೂತುಗಳಲ್ಲೆಲ್ಲ ಅಂಟಿಕೊಳ್ಳುತ್ತದೆ. ನೀರು ಏರಿದಾಗ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಮೊದಲು ಒಂದು ಅಡಿಯಷ್ಟು ಕಲ್ಲಿಗೆ ಮಾತ್ರ ಅಂಟಿದ್ದನ್ನು ನಾನೇ 12 ಅಡಿಗೆ ಹರಡಿದ್ದೆ. ಕೊನೆಯ ಒಂದಡಿ ನೀರಿನಲ್ಲಿ ಪಂಪ್ ಡೀಸೆಲನ್ನೂ ಎಳೆದು, ಕಡೆದು, ಮಜ್ಜಿಗೆ ಥರ ಬೆಳ್ಳಗೆ ಮಾಡಿ ಕಕ್ಕುತ್ತಿತ್ತು. ಹಾಗೆ ಕಡೆದದ್ದು ಬೇಗ ಬೇರೆಯಾಗುವುದಿಲ್ಲ.

ಆ ನೀರನ್ನು ಬಿಡುತ್ತಿದ್ದದ್ದು ಎಲ್ಲಿಗೆ ಗೊತ್ತಾ? ಬಾವಿಗಿಂತ ಎತ್ತರದಲ್ಲಿರುವ ತೋಟದ ಕಣಿಗೆ, ಅಂದರೆ ನೀರು ಹರಿಯುವ ಕಾಲುವೆಗೆ. ಅಲ್ಲಿಂದ ಇಂಗಿ ಮತ್ತೆ ಅದೇ ಬಾವಿಗೆ. ನನ್ನ ಹೆಂಡತಿಯ ಅಣ್ಣ ಬಂದು ಸುಮ್ನೆ ನೋಡಿ ಹೇಳಿದರು: “ಭಾವ, ನೀವು ಬಾವಿ ತೊಳೆಯುತ್ತಾ ಇಲ್ಲ. ಗೋಡೆಗೆ ಡೀಸೆಲ್ ಬಳಿಯುತ್ತಾ ಇದ್ದೀರಿ.” ಸಿಟ್ಟು ಬಂತು, ಆದರೆ ಮಾತು ಸರಿ ಇತ್ತು.

ಆಮೇಲೆ ಅರ್ಧ ಎಚ್‌ಪಿಯ ಪಂಪ್ ತಂದೆ. ತಳದ ಹತ್ತಿರ ಇಳಿಸಿ, ಗೇಟ್‌ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡಿದೆ. ಹಗ್ಗಕ್ಕೆ ಗಂಟು ಹಾಕಿ ಗಂಟೆಗೊಮ್ಮೆ ಮಟ್ಟ ಅಳೆದೆ. ಮೊದಲ ದಿನ ಕಾಲು ತಿರುವು, ಮರುದಿನ ಅರ್ಧ. ಯಾವ ತಿರುವಿಗೆ ನೀರು ಒಂದೇ ಅಡಿ ಇಳಿದು ಅಲ್ಲೇ ನಿಲ್ಲುತ್ತದೆ ಎಂದು ಹುಡುಕಲು ಮೂರು ದಿನ ಬೇಕಾಯಿತು. ಆ ಒಂದಡಿ ತಗ್ಗು ಸಾಕು, ಸುತ್ತಲಿನ ನೀರೆಲ್ಲ ಬಾವಿಯ ಕಡೆಗೇ ಹರಿಯುತ್ತದೆ. ಡೀಸೆಲ್ ಕೆಳಗಿನ ಮನೆಯವರ ಬಾವಿಯ ಕಡೆ ಹೋಗುವ ಬದಲು ನನ್ನಲ್ಲಿಗೇ ಬರುತ್ತದೆ. ಅಡಿಯಿಂದ ಪಂಪ್ ನೀರು ಎಳೆಯುತ್ತದೆ, ಮೇಲೆ ಸೇರಿದ ಡೀಸೆಲನ್ನು ಬೇರೆಯಾಗಿ ತೆಗೆಯಬೇಕು. ಅದಕ್ಕೆ ಬಳಸಿದ್ದು ಬ್ಯಾರೆಲಿನ ಹಳೇ ಕೈಪಂಪು. ಬಾವಿಯೊಳಗಿನ ಕಟ್ಟೆಯ ಮೇಲೆ ನಿಂತು, ಅದರ ಬಾಯನ್ನು ನೀರಿನ ಮಟ್ಟಕ್ಕೇ ಹಿಡಿದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಿಧಾನಕ್ಕೆ ತಿರುಗಿಸುವುದು. ನನ್ನ ಬಾವಿ 12 ಅಡಿ ಅಗಲ. ಒಂದು ಮಿಲಿಮೀಟರ್ ದಪ್ಪದ ಪದರ ಅಂದರೇ 10 ಲೀಟರ್ ಡೀಸೆಲ್. ಎರಡು ತಿಂಗಳಲ್ಲಿ 31 ಲೀಟರ್ ಕ್ಯಾನಿಗೆ ಬಂತು. ದೊಡ್ಡ ಪಂಪಿನಲ್ಲಿ ಎಷ್ಟು ಬಂತೋ, ಲೆಕ್ಕವೇ ಇಲ್ಲ.

ಪೆಟ್ರೋಲ್ ಆಗಿದ್ದರೆ ಈ ಸಾಹಸ ಮಾಡಬೇಡಿ. ಆವಿಗೆ ಒಂದು ಕಿಡಿ ಸಾಕು, ಬಾವಿಗೆ ಇಳಿಯುವ ಮಾತೇ ಬೇಡ.

ಹೊರಬಂದ ನೀರು ಮೂರು ಡ್ರಮ್ ದಾಟುತ್ತದೆ. ಒಂದರಲ್ಲಿ ನಿಲ್ಲುತ್ತದೆ, ಇನ್ನೊಂದರಲ್ಲಿ ತೆಂಗಿನ ನಾರು, ಮೂರನೆಯದರಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್. ದುಡ್ಡು ಉಳಿಸಲು ಮೊದಲು ಮನೆಯಲ್ಲೇ ತೆಂಗಿನ ಗೆರಟೆ (ಚಿಪ್ಪು) ಸುಟ್ಟು ಇದ್ದಿಲು ಹಾಕಿದ್ದೆ. ವಾಸನೆ ಹಾಗೇ ಉಳಿಯಿತು. ಅಂಗಡಿಯ ಕಾರ್ಬನ್ನೂ ಎಷ್ಟೋ ಸಲ ಗೆರಟೆಯದೇ, ಆದರೆ ಹಬೆಯಲ್ಲಿ ಕಾಯಿಸಿ ಒಳಗೆ ಸಣ್ಣ ತೂತು ಮಾಡಿರುತ್ತಾರೆ. ಕೊನೆಗೆ ಅದನ್ನೇ ತಂದೆ.

ಬಾವಿಗೆ ಗಾಳಿ ಊದುವ ಮೂರನೇ ಉಪಾಯವನ್ನೂ ಒಬ್ಬರು ಹೇಳಿದರು. ಒಂದು ವಾರ ಊದಿದೆ. ಪೆಟ್ರೋಲಿಗೆ ಅದು ಚೆನ್ನಾಗಿ ಆಗಬಹುದು, ಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಕರೆಂಟ್ ಬಿಲ್ ಮಾತ್ರ ಏರಿತು.

ದೊಡ್ಡ ಪಂಪಿನ ಪರವಾಗಿ ಒಂದೇ ಮಾತು: ನೋಡಿಕೊಳ್ಳಲು ಜನ ಬೇಡ. ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ನನ್ನ ವಿಧಾನ ಆಗುವುದಿಲ್ಲ. ನಾನು ಬೆಳಿಗ್ಗೆ ಐದಕ್ಕೆ ಏಳುವವನು, ಹೇಗೂ ತೋಟದಲ್ಲೇ ಇರುತ್ತೇನೆ. ಹೊಸ ಬಾವಿ ತೋಡಿಸುವ ದುಡ್ಡೂ ನನ್ನಲ್ಲಿಲ್ಲ.

ಏಪ್ರಿಲ್‌ನಲ್ಲಿ ಹತ್ತು ದಿನ ಪಂಪ್ ನಿಲ್ಲಿಸಿ ನೋಡಿದೆ. ಪೊರೆ ಬಂತು, ಆದರೆ ಅಂಗೈ ಅಗಲದ್ದು ಎರಡೇ. ಮೂಗಿಗೆ ವಾಸನೆ ಇಲ್ಲ. ಆದರೆ ಮೂಗನ್ನು ನಂಬುವ ಹಾಗಿಲ್ಲ. ಡೀಸೆಲಿನಲ್ಲಿ ಸ್ವಲ್ಪ ಇರುವ ವಿಷ ಬೆಂಜೀನ್, ಅದು ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. ಅಷ್ಟು ಸಣ್ಣ ಲೆಕ್ಕ ಲ್ಯಾಬಿನವರದ್ದು. ನಾನೇ ಬಳಿದ ಆ ಗೋಡೆಯ ಕಲ್ಲುಗಳನ್ನು ಜೂನ್ ಮಳೆಯ ನೀರು ಏರಿ ತೊಳೆಯಲಿ. ಆಮೇಲೆ ಒಂದು ಬಾಟಲಿ ನೀರು ಲ್ಯಾಬಿಗೆ ಕಳಿಸುತ್ತೇನೆ. ಅಲ್ಲಿವರೆಗೆ ನಮಗೆ ಕುಡಿಯಲು ಭಾವನ ಮನೆಯ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ, ನೀರು.