ಬೆಂಗಳೂರಿನಲ್ಲಿ ಬೆಳಗಿನ ತಿಂಡಿ: ಗಾಂಧಿ ಬಜಾರೋ, ಶಂಕರಪುರವೋ?

ಹಾಸನದಿಂದ ನಸುಕಿನ ಬಸ್ಸು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದರೆ, ಹೆಸರಾಂತ ಎರಡು ತಿಂಡಿ ಹೋಟೆಲುಗಳು ಅಲ್ಲಿಂದ ಹೆಚ್ಚು ದೂರವಿಲ್ಲ.

1943ರಲ್ಲಿ ಆರಂಭವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಹೆಗ್ಗಳಿಕೆ ಮಸಾಲೆ ದೋಸೆ. ಹೊರಗೆ ಕೆಂಪಗೆ ಗರಿಗರಿಯಾಗಿ ಬೆಂದು ಒಳಗೆ ಮೆತ್ತಗೆ ಉಳಿದ ದಪ್ಪ ದೋಸೆಗೆ ನೀರಾದ ಚಟ್ನಿ ಸುರಿಯುತ್ತಾರೆ. ಮಾಣಿಯೊಬ್ಬರು ಹತ್ತಾರು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಪೇರಿಸಿಕೊಂಡು ಮೇಜುಗಳ ನಡುವೆ ನುಸುಳಿ ಬರುವುದನ್ನು ನೋಡುತ್ತಾ ಕಾಯುವುದು ಬೇಸರವೆನಿಸದು. ಆದರೆ ಭಾನುವಾರ ಜನಜಂಗುಳಿ, ಶುಕ್ರವಾರ ರಜೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ನಿಂತೇ ತಿನ್ನಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಎಂದರೆ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು. ಸಾಂಬಾರಿನ ಮಾತೇ ಇಲ್ಲ, ಚಟ್ನಿಯನ್ನು ಮಾತ್ರ ಕೇಳಿದಷ್ಟು ಹಾಕುತ್ತಾರೆ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆತಂದವರಿಗೆ ಇದು ತ್ರಾಸದಾಯಕವಾದರೂ, ಆಸ್ಪತ್ರೆಯ ಸರದಿಗೋ ಕಚೇರಿಯ ಕೆಲಸಕ್ಕೋ ಧಾವಿಸುವವರಿಗೆ ಇದೇ ಸರಿ.

ಕಾಫಿಯ ವಿಷಯದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ನಾಲಿಗೆಯನ್ನು ಮೆಚ್ಚಿಸುವುದು ಸುಲಭವಲ್ಲವಾದರೂ (ತೋಟದವರ ತಕರಾರು ಮುಗಿಯುವಂಥದ್ದಲ್ಲ), ನನ್ನ ಮತ ಶಂಕರಪುರಕ್ಕೆ. ದೋಸೆಯೇ ಬೇಕೆಂಬ ಹಟವಿದ್ದು, ಕಾಯಲು ಪುರಸೊತ್ತೂ ಇದ್ದವರು ಗಾಂಧಿ ಬಜಾರಿಗೆ ಹೋಗಬಹುದು.