ಟ್ಯಾಂಕಿಗೆ ಗಾಳಿದಾರಿ: ಮುಚ್ಚಳದ ತೂತೋ, ಮೇಲೆ ಹೋಗುವ ಪೈಪೋ?

ನಮ್ಮ ಕ್ಯಾಂಪರ್ ಟ್ರೇಲರಿನ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ವಾಸದ ಗಾಡಿ) ಅಡಿಯಲ್ಲಿ 60 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿದೆ. ತೀರ್ಥಹಳ್ಳಿ ಕಡೆಯ ಮನೆಯಿಂದ ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಹರಿದು ಬರುವ ನೀರು, ತುಂಬಿಸಿಕೊಂಡು ಹೊರಟರೆ ಅಡುಗೆಗೆ, ಪಾತ್ರೆಗೆ, ಕುದಿಸಿ ಕುಡಿಯಲಿಕ್ಕೆ ಎಲ್ಲದಕ್ಕೂ ಅದೇ ನೀರು. ಅದಕ್ಕೇ ಟ್ಯಾಂಕಿನ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಕೊಂಡಾಗ ಟ್ಯಾಂಕಿಗೆ ಗಾಳಿದಾರಿಯೇ ಇರಲಿಲ್ಲ. ಪಂಪ್ ನೀರೆಳೆದಷ್ಟು ಗಾಳಿ ಒಳಗೆ ಬರಬೇಕಲ್ಲ, ಬರದಿದ್ದರೆ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗಾಗುತ್ತದೆ, ಪಂಪಿನ ಸದ್ದು ಬದಲಾಗುತ್ತದೆ. ನಮ್ಮ ಟ್ಯಾಂಕಿನ ಪಕ್ಕೆ ಒಳಕ್ಕೆ ಸೆಳೆದುಕೊಂಡಿತ್ತು. ಮುಚ್ಚಳ ಸಡಿಲಿಸಿದೊಡನೆ ಬುಸ್ಸೆಂದು ಗಾಳಿ ನುಗ್ಗಿತು.

ಮೊದಲು ಮುಚ್ಚಳಕ್ಕೇ ಎರಡು ಸಣ್ಣ ತೂತು ಕೊರೆದೆ. ಖರ್ಚಿಲ್ಲ, ಪಂಪೂ ಸರಿಹೋಯಿತು. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ನೀರು ತುಳುಕಿ ಅಲ್ಲಿಂದಲೇ ಚೆಲ್ಲಿತು. ಬೇಸಿಗೆಯಲ್ಲಿ ಮಣ್ಣುರಸ್ತೆಯ ಕೆಂಧೂಳು ಒಳಗಿಳಿದು ತಳದಲ್ಲಿ ತೆಳ್ಳಗೆ ಕೆಸರಾಗಿ ಕೂತಿತು. ಒಂದು ತಿಂಗಳು ಗಾಡಿ ನಿಲ್ಲಿಸಿದ್ದಾಗ ಕುಂಬಾರ ಹುಳ ಒಂದು ತೂತಿನ ಮೇಲೆ ಹೆಸರುಕಾಳಿನಷ್ಟು ದಪ್ಪದ ಮಣ್ಣು ಮೆತ್ತಿತ್ತು.

ಆಮೇಲೆ ಟ್ಯಾಂಕಿನ ನೆತ್ತಿಯಿಂದ ಕುಡಿಯುವ ನೀರಿಗೆಂದೇ ಬರುವ ಸಣ್ಣ ಹೋಸ್ ಪೈಪೊಂದನ್ನು ಟ್ರೇಲರಿನ ಒಳಗೋಡೆಗುಂಟ ಮೇಲಕ್ಕೆ ಹತ್ತಿಸಿದೆ. ನೀರು ತುಂಬಿಸುವ ಬಾಯಿಗಿಂತ ಎತ್ತರಕ್ಕೆ ಒಯ್ದು, ತುದಿಯನ್ನು ಕೊಡೆಯ ಹಿಡಿಯಂತೆ ಕೆಳಕ್ಕೆ ಬಗ್ಗಿಸಿ, ಸ್ಟೀಲ್ ಜಾಲರಿ ಕಟ್ಟಿದೆ. ಮೊದಲ ಸಲ ಪೈಪ್ ನಡುವೆ ಜೋತುಬಿದ್ದಿತ್ತು. ಆ ತಗ್ಗಿನಲ್ಲಿ ನೀರು ನಿಂತು ಗಾಳಿಗೆ ಅಡ್ಡವಾಯಿತು. ಎಲ್ಲೂ ಇಳಿಯದಂತೆ ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ ಚೆಲ್ಲುವುದೂ ಇಲ್ಲ, ಧೂಳೂ ಇಲ್ಲ. ತುಂಬಿಸುವಾಗ ನೀರು ಮುಖಕ್ಕೆ ಎಗರುವುದೂ ನಿಂತಿತು. ತೂತಿಗೆ ಮತ್ತೆ ಹೋಗುವ ಮಾತೇ ಇಲ್ಲ.

ತೊಳೆಯುವುದಕ್ಕೆ ಮೂರು ಬಗೆ ನೋಡಿದೆ. ವಿನೆಗರ್ ಉಪ್ಪುಕಟ್ಟನ್ನು ಬಿಡಿಸುತ್ತದೆ, ಆದರೆ ನಮ್ಮ ಅಬ್ಬಿ ನೀರು ಮೆದು, ಉಪ್ಪು ಕಟ್ಟುವುದೇ ಕಡಿಮೆ. ವಾಸನೆ ಒಂದೆರಡು ದಿನ ಹೋಗಿ, ಲೋಳೆ ಮತ್ತೆ ಬಂತು. ಬ್ಲೀಚಿಂಗ್ ಪೌಡರ್ ಅಗ್ಗ, ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಬಕೆಟ್ಟಿನಲ್ಲಿ ಕದಡಿ, ಸುಣ್ಣದಂಥ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು, ಇಲ್ಲದಿದ್ದರೆ ಪಂಪಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಒಡೆದ ಪೊಟ್ಟಣ ಬೇಗ ಶಕ್ತಿ ಕಳೆದುಕೊಳ್ಳುವುದು ಇನ್ನೊಂದು ತೊಂದರೆ.

ನಾನು ಉಳಿಸಿಕೊಂಡದ್ದು ದ್ರವ ಬ್ಲೀಚ್, ಸುವಾಸನೆ ಬೆರೆಸದ್ದು. 5% ಕ್ಲೋರಿನ್ನಿನದಾದರೆ 60 ಲೀಟರಿಗೆ 60 ಮಿಲಿ, ಅಂದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಯಬಿಟ್ಟು, ನಾಲ್ಕು ಗಂಟೆ ನಿಲ್ಲಿಸಿ, ಬಸಿದು, ವಾಸನೆ ಪೂರಾ ಹೋಗುವ ತನಕ ಒಳ್ಳೆಯ ನೀರಲ್ಲಿ ಎರಡು ಮೂರು ಸಲ ತೊಳೆಯುತ್ತೇನೆ. ಹಳೇ ಬಾಟಲಿ ಬೇಡ, ಇಟ್ಟಷ್ಟೂ ಸಾರ ಕಮ್ಮಿ. ಬ್ಲೀಚಿಗೆ ವಿನೆಗರ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಮಳೆ ಹಿಡಿದಾಗ ಗಾಡಿ ಕೊಟ್ಟಿಗೆ ಸೇರುತ್ತದೆ. ಒಂದು ವರ್ಷ ನೀರು ಬಸಿಯದೇ ಇಟ್ಟಿದ್ದೆ, ಬಿಳಿ ಟ್ಯಾಂಕಿಗೆ ಬೆಳಕು ತಾಗಿ ಪಾಚಿ ಹಿಡಿದಿತ್ತು. ಮರುವರ್ಷ ಪೂರ್ತಿ ಬಸಿದು, ಕಪ್ಪು ಬಟ್ಟೆ ಹೊದೆಸಿ, ಬಾಯಿಗೆ ಸೊಳ್ಳೆ ಪರದೆ ಕಟ್ಟಿಟ್ಟೆ. ದೀಪಾವಳಿಗೆ ತೆಗೆದು ಒಳಗೆ ಕೈಯಾಡಿಸಿದರೆ ಬೆರಳು ಜಾರಲಿಲ್ಲ, ತೊಳೆದ ತಟ್ಟೆಯಂತೆ ಕಿರ್ರೆಂದಿತು.