ಏಳು ವರ್ಷದ ವ್ಯಾಕ್ಯೂಮ್ ಕ್ಲೀನರ್ ಮತ್ತು ಅದರ ಧೂಳಿನ ಚೀಲಗಳ ಲೆಕ್ಕ

2018ರ ದಸರಾ ರಿಯಾಯಿತಿಯಲ್ಲಿ ಏಳೂವರೆ ಸಾವಿರ ರೂಪಾಯಿಗೆ ಕೊಂಡ ವ್ಯಾಕ್ಯೂಮ್ ಕ್ಲೀನರ್ ಬೆಂಗಳೂರಿನ ನಮ್ಮ ಮನೆಯಲ್ಲಿ ಇಂದಿಗೂ ಓಡುತ್ತಿದೆ. ಮಗಳಿಗೆ ಉಬ್ಬಸ. ಹಾಸಿಗೆ, ಸೋಫಾ, ಪರದೆಗಳಲ್ಲಿ ಧೂಳು ನಿಲ್ಲಬಾರದು ಎಂದು ವೈದ್ಯರು ಹೇಳಿದ ಮೇಲೆ ತಂದದ್ದು. ಯಂತ್ರದ ಬಗ್ಗೆ ನನ್ನ ದೂರಿಲ್ಲ. ನಾನು ಬರೆಯಹೊರಟಿರುವುದು ಅದರ ಹೊಟ್ಟೆಯಲ್ಲಿ ಕೂರುವ ಚೀಲದ ಬಗ್ಗೆ. ಕೊಳ್ಳುವ ದಿನ ಅಂಗಡಿಯಲ್ಲಿ ಅದರ ಮಾತನ್ನೇ ಯಾರೂ ಎತ್ತಲಿಲ್ಲ.

ಆಗ ಐದು ಕಾಗದದ ಚೀಲಗಳ ಕಟ್ಟಿಗೆ 450 ರೂಪಾಯಿ. ಐದಾರು ವಾರಕ್ಕೊಂದು ಚೀಲ ಎಂದರೆ ವರ್ಷಕ್ಕೆ ಸುಮಾರು ಹತ್ತು. ಮೂರನೆಯ ವರ್ಷದ ಹೊತ್ತಿಗೆ ಕಟ್ಟಿನ ಬೆಲೆ 600 ರೂಪಾಯಿಗೆ ಏರಿತ್ತು. ಕಸ ತುಂಬಿ ಎಸೆಯುವ ವಸ್ತುವಿಗೆ ವರ್ಷಕ್ಕೆ 1,200 ರೂಪಾಯಿ ಕೊಡಲು ಮನಸ್ಸು ಒಪ್ಪಲಿಲ್ಲ. ತುಂಬಿದ ಚೀಲದ ತಳವನ್ನು ಕತ್ತರಿಸಿ, ತಾರಸಿಯ ಮೇಲೆ ಕೊಡವಿ, ತಳವನ್ನು ಎರಡು ಮಡಿಕೆ ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಮತ್ತೆ ಹಾಕತೊಡಗಿದೆ. ಒಂದೊಂದು ಚೀಲವನ್ನು ಮೂರು ಸಲ ಬಳಸಿದೆ.

ನಾನು ಎಡವಿದ್ದು ಅಲ್ಲಿಯೇ. ಧೂಳಿನ ಚೀಲ ಬರೀ ಚೀಲವಲ್ಲ, ಅದೊಂದು ಸೋಸುಬಟ್ಟೆ. ಯಂತ್ರ ಎಳೆದುಕೊಂಡ ಗಾಳಿಯೆಲ್ಲ ಅದರ ಮೈಯಲ್ಲಿರುವ ಸಣ್ಣ ರಂಧ್ರಗಳ ಮೂಲಕವೇ ಹೊರಗೆ ಹೋಗಬೇಕು. ಕೂದಲು, ಎಳೆ, ಮಣ್ಣಿನ ಹರಳುಗಳನ್ನು ಕೊಡವಿದರೆ ಬೀಳುತ್ತವೆ. ರಂಧ್ರಗಳಲ್ಲಿ ಕಚ್ಚಿಕೊಂಡ ನುಣುಪು ಧೂಳು ಬೀಳುವುದಿಲ್ಲ. ಆದ್ದರಿಂದ ಕೊಡವಿದ ಚೀಲ ಕೈಗೆ ಹಗುರವಾಗಿದ್ದರೂ ಗಾಳಿಯ ಪಾಲಿಗೆ ಅರ್ಧ ಮುಚ್ಚಿದ ಬಾಗಿಲು. ನಮ್ಮಂಥ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಇದೇ ಗಾಳಿ. ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದ ಬೇಸಿಗೆಯಲ್ಲಿ, ಸಿಮೆಂಟು ಧೂಳು ಮೆತ್ತಿದ್ದ ಮೂರನೆಯ ಸುತ್ತಿನ ಚೀಲ ಹಾಕಿ ಸೋಫಾ ಒರೆಸುತ್ತಿದ್ದಾಗ ಯಂತ್ರ ಬಿಸಿಯಾಗಿ ನಿಂತೇಹೋಯಿತು. ರಿಪೇರಿಯವರು ಬಿಚ್ಚಿ ತೋರಿಸಿದರು: ಕ್ಲಿಪ್ಪಿನ ಸಂದಿಯಿಂದ ನುಸುಳಿದ ಧೂಳು ಮೋಟಾರಿನ ಮುಂದಿನ ಸ್ಪಂಜಿನಲ್ಲಿ ಹಿಟ್ಟಿನಂತೆ ಕೂತಿತ್ತು, ಕಾರ್ಬನ್ ಬ್ರಷ್ ಸವೆದಿತ್ತು. ಬಿಲ್ಲು 1,600 ರೂಪಾಯಿ. ಆ ಹಣಕ್ಕೆ ಹದಿಮೂರು ಹೊಸ ಚೀಲಗಳು ಬರುತ್ತಿದ್ದವು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ತಾರಸಿಯಲ್ಲಿ ನಾನು ಚೀಲ ಕೊಡವಿದ ಸಂಜೆಗಳಲ್ಲಿ ಮಗಳ ಉಬ್ಬಸ ಹೆಚ್ಚುತ್ತಿತ್ತು. ಆ ಧೂಳು ನನ್ನ ಅಂಗಿಯ ಜೊತೆಗೇ ಮನೆಯೊಳಗೆ ಬರುತ್ತಿತ್ತು ಎಂದು ಹೆಂಡತಿ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಆಮೇಲೆ ತೊಳೆದು ಬಳಸುವ ಬಟ್ಟೆಯ ಚೀಲ ತಂದೆ, 550 ರೂಪಾಯಿ. ಚೀಲವಿರುವ ವ್ಯಾಕ್ಯೂಮ್ ಕ್ಲೀನರಿನ ಕಥೆ ಶುರುವಾದದ್ದೂ ಬಟ್ಟೆಯಿಂದಲೇ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಮಳಿಗೆಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಸ್ತಮಾದಿಂದ ಬಳಲಿ, 1907ರಲ್ಲಿ ಫ್ಯಾನಿನ ಮೋಟಾರಿಗೆ ಪೊರಕೆಯ ಹಿಡಿ ಜೋಡಿಸಿ, ಧೂಳು ಹಿಡಿಯಲು ದಿಂಬಿನ ಗವಸು ಕಟ್ಟಿದರು. ಮರುವರ್ಷ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಮನುಷ್ಯನ ಕಷ್ಟ ನಮ್ಮ ಮನೆಯದೇ ಆದ್ದರಿಂದ ಬಟ್ಟೆಯ ಚೀಲದ ಮೇಲೆ ನನಗೆ ತುಂಬ ಆಸೆಯಿತ್ತು. ಆದರೆ ಗಾಳಿ ಹೊರಬರುವ ಜಾಲರಿಯಿಂದ ಗೇಣು ದೂರದಲ್ಲಿ ಒದ್ದೆ ಬಿಳಿ ಪಂಚೆಯ ತುಂಡು ಹಿಡಿದು ನೋಡಿದೆ. ಹತ್ತೇ ನಿಮಿಷದಲ್ಲಿ ಅದು ಬೂದುಬಣ್ಣಕ್ಕೆ ತಿರುಗಿತು. ತೊಳೆದರೆ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದು, ಅರೆಹಸಿಯಾಗಿ ಹಾಕಿದರೆ ಒಳಗೆ ಕೆಸರಾಗಿ ಮುಗ್ಗಲು ವಾಸನೆ. ಉಬ್ಬಸವಿರುವವರ ಮನೆಗೆ ಇದು ಬೇಡ ಎಂದು ಖಚಿತವಾಗಿ ಹೇಳುತ್ತೇನೆ.

ಈಗ ನಾಲ್ಕು ವರ್ಷದಿಂದ ಬಳಸುತ್ತಿರುವುದು ನೇಯ್ಗೆಯಿಲ್ಲದ ಬಟ್ಟೆಯ ಪದರಗಳ ಚೀಲ. ಸರ್ಜಿಕಲ್ ಮಾಸ್ಕಿನಲ್ಲಿರುವ ಪಾಲಿಪ್ರೊಪಿಲೀನ್ ಜಾತಿಯದೇ. ಒಂದಕ್ಕೆ 160 ರೂಪಾಯಿ, ಕಾಗದದ್ದಕ್ಕಿಂತ 40 ಹೆಚ್ಚು. ಆದರೆ ಬೇಗ ಕಟ್ಟಿಕೊಳ್ಳುವುದಿಲ್ಲ, ನಮ್ಮಲ್ಲಿ ಹತ್ತು ವಾರ ಬರುತ್ತದೆ. ವರ್ಷಕ್ಕೆ ಐದು ಸಾಕು, 800 ರೂಪಾಯಿ. ಪಂಚೆಯ ತುಂಡು ಬೆಳ್ಳಗೇ ಉಳಿಯಿತು. ಇದನ್ನು ಮಾತ್ರ ತೊಳೆಯಬಾರದು. ಒಳಪದರದ ಎಳೆಗಳಲ್ಲಿ ನಿಂತ ವಿದ್ಯುದಾವೇಶ ಸಣ್ಣ ಕಣಗಳನ್ನು ಸೆಳೆದು ಹಿಡಿಯುತ್ತದೆ, ಸೋಪಿನ ನೀರು ತಾಗಿದರೆ ಆ ಶಕ್ತಿ ಕುಗ್ಗುತ್ತದೆ.

ಮರುಬಳಕೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಹಾಸಿಗೆಗೆ, ಮಗಳ ಕೋಣೆಗೆ ಹೊಸ ಚೀಲವೇ. ಹಳೆಯದನ್ನು ಒಂದೇ ಸಲ, ಕಾರಿಗೂ ಬಾಲ್ಕನಿಗೂ ಅಷ್ಟೇ. ಅದನ್ನು ಖಾಲಿ ಮಾಡುವಾಗ ಮಾಸ್ಕ್ ಹಾಕಿಕೊಂಡು, ಚೀಲವನ್ನು ದೊಡ್ಡ ಪ್ಲಾಸ್ಟಿಕ್ ಕವರಿನೊಳಗಿಟ್ಟು ಮೆಲ್ಲಗೆ ಬಗ್ಗಿಸುತ್ತೇನೆ, ಆ ಅಂಗಿಯನ್ನು ಕೂಡಲೇ ಒಗೆಯಲು ಹಾಕುತ್ತೇನೆ. ನೆಲವನ್ನು ಮೊದಲು ಪೊರಕೆಯಿಂದ ಗುಡಿಸಿದರೆ ಕೂದಲು, ಕಾಗದದ ಚೂರು ಚೀಲ ಸೇರುವುದು ತಪ್ಪುತ್ತದೆ. ನಮಗೆ ಹೆಚ್ಚು ಉಳಿತಾಯ ಕೊಟ್ಟದ್ದು ಇದೇ ಅಭ್ಯಾಸ.

ಬೇರೆ ತಯಾರಕರ ಅಗ್ಗದ ಚೀಲ ಕೊಳ್ಳುವವರು ಬೆಲೆಗಿಂತ ಮೊದಲು ಬಾಯಿಯ ರಟ್ಟನ್ನು ನೋಡಿ. ನಾನು ತರಿಸಿದ ಒಂದು ಕಟ್ಟಿನಲ್ಲಿ ಆ ರಟ್ಟು ಎರಡು ಮಿಲಿಮೀಟರಿನಷ್ಟು ಸಡಿಲವಾಗಿತ್ತು, ಧೂಳು ಚೀಲದ ಹೊರಗೇ ತುಂಬಿಕೊಂಡಿತ್ತು. ಅಂದಿನಿಂದ ಹಳೆಯ ಚೀಲದ ರಟ್ಟೊಂದನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಹೊಸ ಕಟ್ಟು ಬಂದ ದಿನವೇ ಅದರ ಪಕ್ಕದಲ್ಲಿಟ್ಟು ಅಳೆಯುತ್ತೇನೆ, ಹೊಂದದಿದ್ದರೆ ಒಡೆಯದೆ ವಾಪಸ್ಸು ಕಳುಹಿಸುತ್ತೇನೆ.